ಮಗುವನ್ನು ಕರೆತರಬೇಡಿ ಅಂದೆ, ಎಲ್ಲರೂ ನಕ್ಕರು

ನಾನು ಮಕ್ಕಳ ಥೆರಪಿಸ್ಟ್. ಮೊದಲ 4 ಸೆಷನ್ ಅಪ್ಪ-ಅಮ್ಮ ಮಾತ್ರ ಬರಬೇಕು, ಅವರ ಸಿಟ್ಟಿನ ಮೇಲೆ ಮೊದಲು ಕೆಲಸ ಅನ್ನೋದು ನನ್ನ ಕ್ರಮ. "ಮಗುವಿಗೆ ಥೆರಪಿ ಬೇಕು ಅಂತ ಬಂದವರಿಗೆ ಮೊದಲ 4 ಸೆಷನ್ ಮಗುವನ್ನೇ ತರಬೇಡಿ ಅಂದ್ರೆ ಯಾರು ಬರ್ತಾರೆ?" ಅಂತ ಜೊತೆಯ ಥೆರಪಿಸ್ಟ್‌ಗಳು ನಕ್ಕಿದ್ದರು. ಈಗ ತಮ್ಮ ಕೈಲಾಗದ ಕುಟುಂಬಗಳನ್ನು ಅವರೇ ನನ್ನ ಹತ್ತಿರ ಕಳಿಸುತ್ತಾರೆ. ಸ್ವಲ್ಪ ಜಂಬ ಅಂದುಕೊಳ್ಳಿ, ಪರವಾಗಿಲ್ಲ.

ಮೊದಲು ನಾನೂ ಎಲ್ಲರ ಹಾಗೆ ಟಿಎಫ್-ಸಿಬಿಟಿ (ಆಘಾತ ಕಂಡ ಮಕ್ಕಳಿಗೆ ಅಪ್ಪ-ಅಮ್ಮನನ್ನೂ ಸೇರಿಸಿಕೊಂಡು ಕೊಡುವ ಥೆರಪಿ) ಮಾಡುತ್ತಿದ್ದೆ, 12ರಿಂದ 16 ಸೆಷನ್. ಮಗು ನನ್ನ ರೂಮಿನಲ್ಲಿ ಚೆನ್ನಾಗಿ ಉಸಿರಾಟ ಕಲಿಯುತ್ತಿತ್ತು, ಮನೆಯಲ್ಲಿ ಒಂದು ಕಿರುಚಾಟ ಆದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ತಪ್ಪು ವಿಧಾನದ್ದಲ್ಲ. ಅಪ್ಪ-ಅಮ್ಮನ ಪಾಲಿನ ಹೊತ್ತನ್ನು ನಾನೇ 10 ನಿಮಿಷಕ್ಕೆ ಇಳಿಸಿದ್ದೆ.

ಆಮೇಲೆ ಮೊದಲು ಅಪ್ಪ-ಅಮ್ಮನನ್ನೇ ಕರೆಯತೊಡಗಿದೆ, ಅಲ್ಲಿ ಇನ್ನೊಂದು ಎಡವಟ್ಟು. ಮೊದಲ ದಿನವೇ ಎಸಿಇ ಪಟ್ಟಿಯ (ಬಾಲ್ಯದಲ್ಲಿ ಹೊಡೆತ, ಅವಮಾನ, ಕಡೆಗಣನೆ ಇತ್ತಾ ಅಂತ ಕೇಳೋದು) 10 ಪ್ರಶ್ನೆ ಕೈಗೆ ಕೊಟ್ಟೆ. ಒಬ್ಬ ತಂದೆ 6ಕ್ಕೆ ಹೌದು ಅಂತ ಗುರುತು ಹಾಕಿ, ಪೆನ್ನಿನ ಮುಚ್ಚಳ ಹಾಕಿಟ್ಟು, ನೀರು ಕುಡಿದು ಬರ್ತೀನಿ ಅಂತ ಎದ್ದು ಹೋದವರು ಮತ್ತೆ ಬರಲೇ ಇಲ್ಲ. ಆ ಪಟ್ಟಿಯ ಹಿಂದಿರುವ 1998ರ ಅಧ್ಯಯನ ಸಾವಿರಾರು ಜನರ ಲೆಕ್ಕ ನೋಡಿದ್ದು, ಎದುರಿಗೆ ಕೂತ ಒಬ್ಬರ ಗಾಯ ಕೆದಕೋಕೆ ಅಲ್ಲ.

ಈಗ ಹಳೇ ಕತೆ ಕೇಳೋದೇ ಇಲ್ಲ. ಜಗಳವನ್ನಲ್ಲ, ಜಗಳಕ್ಕೆ ಮುಂಚೆ ಮೈಯಲ್ಲಿ ಏನಾಯ್ತು ಅನ್ನೋದನ್ನು ಬರೆದುಕೊಂಡು ಬನ್ನಿ ಅಂತೀನಿ. ಒಬ್ಬ ತಾಯಿ (ವಿವರ ಬದಲಿಸಿದ್ದೇನೆ) ಬರೆದುಕೊಂಡು ಬಂದದ್ದು ಒಂದೇ ಸಾಲು: "ಲೋಟ ಬಿದ್ದ ಸದ್ದಿಗೆ ಹಲ್ಲು ಕಚ್ಚಿಕೊಳ್ಳುತ್ತೆ, ಕೈ ಆಮೇಲೆ ಏಳುತ್ತೆ." ಹಲ್ಲಿಗೂ ಕೈಗೂ ನಡುವೆ 2 ಸೆಕೆಂಡ್ ಇರಬಹುದು. ನಾವು ವಾರಗಟ್ಟಲೆ ಕೆಲಸ ಮಾಡಿದ್ದು ಆ 2 ಸೆಕೆಂಡಿನಲ್ಲೇ. ಕೂಗಿಯೇಬಿಟ್ಟರೆ, ಸಿಟ್ಟು ಇಳಿದ ಮೇಲೆ ವಾಪಸ್ ಹೋಗಿ "ಕೂಗಿದ್ದು ನನ್ನ ತಪ್ಪು" ಅನ್ನಬೇಕು. ಅದರ ಹಿಂದೆಯೇ ಬರುವ "ಆದರೆ ನೀನೂ..." ಬಿಡಿಸೋಕೆ 3 ವಾರ ಹಿಡಿಯಿತು.

ಒಂದು ಮಾತು. ಮನೆಯಲ್ಲಿ ಹೊಡೆತ ಇನ್ನೂ ನಡೀತಿದ್ದರೆ ಇದು ಬೇಡ, ಮೊದಲು ಮಗು ಸುರಕ್ಷಿತವಾಗಿರಬೇಕು.

ದುಡ್ಡಿನ ವಿಷಯ. ಮೊದಲ ವರ್ಷ ಹೆಚ್ಚುಕಮ್ಮಿ ಮೂರರಲ್ಲೊಂದು ಕುಟುಂಬ ಎರಡನೇ ಸೆಷನ್ನಿಗೇ ಕೈಬಿಟ್ಟಿತು, ನನ್ನ ಸಂಪಾದನೆ ಅರ್ಧಕ್ಕೆ ಬಂತು, ಸಂಜೆ ಹೊತ್ತು ಪಾಠ ಹೇಳಿ ಬಾಡಿಗೆ ಕಟ್ಟಿದೆ. ಆ 4 ಸೆಷನ್ನಿಗೆ ಅರ್ಧ ಫೀಸು ಮಾಡಿದ ಮೇಲೆ ಜನ ನಿಂತರು. ತಂದೆಯರು ನಿಂತದ್ದು ಫೀಸಿಗಲ್ಲ, ನಾನು ಮೊದಲು ಕೇಳುವ ಒಂದು ಪ್ರಶ್ನೆಗೆ. ಅದನ್ನು ಇಲ್ಲಿ ಹೇಳೋಲ್ಲ, ನನ್ನ ಹತ್ತಿರ ಸೂಪರ್‌ವಿಷನ್‌ಗೆ (ಮಾರ್ಗದರ್ಶನಕ್ಕೆ) ಬಂದ ಥೆರಪಿಸ್ಟ್‌ಗಳಿಗಷ್ಟೇ.

ನಡುವೆ ಪಿಸಿಐಟಿಯ (ಅಪ್ಪ-ಅಮ್ಮ ಮಗುವಿನ ಜೊತೆ ಆಡುವಾಗಲೇ ಅವರಿಗೆ ಹೇಳಿಕೊಡುವ ಥೆರಪಿ) ಇಯರ್‌ಫೋನನ್ನೂ ಪ್ರಯತ್ನಿಸಿದೆ. 5 ನಿಮಿಷದ ಆಟ, ಪ್ರಶ್ನೆ ಕೇಳಬಾರದು, ಮಗು ಮಾಡೋದನ್ನು ಸುಮ್ನೆ ಹೇಳ್ತಾ ಹೋಗಬೇಕು, ನಾನು ಗಾಜಿನಾಚೆಯಿಂದ ಕಿವಿಯಲ್ಲಿ ಹೇಳಿಕೊಡೋದು. ಕೆಲವರಿಗೆ ಸೊಗಸಾಗಿ ಒಗ್ಗಿತು. ಒಬ್ಬರು ಮಾತ್ರ ಕಿತ್ತು ಕೆಳಗಿಟ್ಟು, "ನಮ್ಮಪ್ಪ ಹಿಂದೆ ನಿಂತ ಹಾಗಿದೆ" ಅಂದರು. ಅಂಥವರಿಗೆ ಈಗ ಆಟದ ವಿಡಿಯೋ ತೆಗೆದು, ಆಮೇಲೆ ಜೊತೆಗೆ ಕೂತು ನೋಡ್ತೀವಿ.

ಇಲ್ಲಿವರೆಗೆ 40ರ ಹತ್ತಿರ ಕುಟುಂಬ. ಅದರಲ್ಲಿ ಸುಮಾರು ಹತ್ತು ಕುಟುಂಬಗಳಲ್ಲಿ ಮಗುವಿಗೆ 5-6 ಸೆಷನ್ ಸಾಕಾಯ್ತು. ಲೋಟದ ತಾಯಿಯ ಮಗ ಅಂತೂ ಬಂದ ಮೊದಲ ದಿನವೇ ನನ್ನ ಟೇಬಲ್ ಮೇಲಿನ ನೀರು ಚೆಲ್ಲಿ, "ಅಮ್ಮಾ, ಹಲ್ಲು!" ಅಂದ. ಎಲ್ಲರೂ ನಕ್ಕೆವು. ಆದರೆ ಅದನ್ನೂ ನಿಲ್ಲಿಸಬೇಕಾಯ್ತು. ಅಮ್ಮನ ಸಿಟ್ಟು ಕಾಯೋದು ಅವನ ಕೆಲಸ ಅಲ್ವಲ್ಲ, ಅದಕ್ಕೇ ಇನ್ನೂ 2 ಸೆಷನ್ ಹೋಯ್ತು.