ಸಂಜೆ ಆರರ ಗಾಡಿ

ಕಾರವಾರದ ಆಡಿಟರ್ ಆಫೀಸಿನಿಂದ ಫೋನ್ ಬಂದಾಗ ನಾನು ಕುಮಟೆಯ ಸಹಕಾರಿ ಸಂಘದಲ್ಲಿ ಪಿಗ್ಮಿ ಲೆಕ್ಕ ತಾಳೆ ಹಾಕುತ್ತ ಕೂತಿದ್ದೆ. 2024ರ ಫೆಬ್ರವರಿ ಕೊನೆ. ತಿಂಗಳಿಗೆ 27 ಸಾವಿರ, ಜಿಎಸ್‌ಟಿ ರಿಟರ್ನ್ ಕೆಲಸ ಪೂರ್ತಿ ನಿಮ್ಮ ಕೈಗೆ, ಎಂಟು ದಿನದೊಳಗೆ ಹೇಳಿ ಅಂದರು. ಆಗ ನನಗೆ ಬರುತ್ತಿದ್ದದ್ದು 18,500.

ಸಂಘದ ಕೆಲಸ ಕಷ್ಟದ್ದೇನಲ್ಲ. ಒಂಬತ್ತು ವರ್ಷದಿಂದ ಅದೇ ವೋಚರು, ಅದೇ ಡೇಬುಕ್ಕು. ಮನೆಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷ. ಮಧ್ಯಾಹ್ನ ಒಂದಕ್ಕೆ ಮನೆಗೆ ಬಂದು ಬಿಸಿ ಅನ್ನ ಉಂಡು ಹೋಗಬಹುದು. ಹತ್ತನೇ ವರ್ಷವೂ ಹೀಗೇ ಎಂದುಕೊಂಡಾಗಲೆಲ್ಲ ಎದೆಯೊಳಗೆ ಏನೋ ಕುಸಿಯುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ರಾತ್ರಿ ಯಜಮಾನರಿಗೆ ಹೇಳಿದೆ. “ಎಪ್ಪತ್ತು ಕಿಲೋಮೀಟರು, ದಿನಾ? ಹುಚ್ಚಾ ನಿಂಗೆ?” ಅಂದರು. ಅತ್ತೆ ಮಾತ್ರ ಬೀನ್ಸ್ ಬಿಡಿಸುತ್ತ, “ನಾಲ್ಕು ದಿನ ಹೋಗಿ ನೋಡು ಮಗಾ. ನೋಡದೆ ಎಂತ ಹೇಳೂದು?” ಅಂದರು. ಏಳನೇ ಇಯತ್ತೆವರೆಗೆ ಓದಿದ ಅತ್ತೆಗೆ ಹೊಳೆದದ್ದು ಬಿಕಾಂ ಮಾಡಿದ ನನಗೆ ಹೊಳೆದಿರಲಿಲ್ಲ. ಮೂರು ದಿನ ಸಿಎಲ್ ಹಾಕಿದೆ, ಕೆಲಸಕ್ಕೆ ಸೇರಿದವಳ ಹಾಗೇ ಕಾರವಾರಕ್ಕೆ ಹೋಗಿ ಬರಲು.

ಮೊದಲ ದಿನ ಬಸ್ಸು. ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ನಮಗೆ ಹೆಂಗಸರಿಗೆ ಬಸ್ಸಿನ ಖರ್ಚೇ ಇಲ್ಲ, ಹಾಗಾಗಿ ಇದೇ ಸರಿ ಎಂದುಕೊಂಡು ಹತ್ತಿದೆ. ಮಿರ್ಜಾನ ದಾಟಿ, ಶಿರೂರಿನ ಹತ್ತಿರ ಗುಡ್ಡದ ಬುಡದಲ್ಲಿ ಒಂದು ಚಾದಂಗಡಿ, ಪಕ್ಕಕ್ಕೆ ಸಾಲಾಗಿ ನಿಂತ ಲಾರಿಗಳು, ಅದರಾಚೆ ಗಂಗಾವಳಿ ಹೊಳೆ. ಕಿಟಕಿಯಿಂದ ನೋಡಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಅಂಕೋಲೆ ಸ್ಟ್ಯಾಂಡಿನಲ್ಲಿ ಡ್ರೈವರಿನ ಚಾ. ಹಟ್ಟಿಕೇರಿ ಟೋಲು, ಅವರ್ಸಾ, ಅಮದಳ್ಳಿ, ಬಿಣಗಾ. ಕಾರವಾರ ಸ್ಟ್ಯಾಂಡಿನಲ್ಲಿ ಇಳಿದಾಗ ಮನೆ ಬಿಟ್ಟು ಎರಡು ಗಂಟೆ ಐದು ನಿಮಿಷ. ಸಂಜೆ 5:50ಕ್ಕೆ ಎಕ್ಸ್‌ಪ್ರೆಸ್ ಸಿಕ್ಕಿತು, 8:05ಕ್ಕೆ ಮನೆ. ಪರವಾಗಿಲ್ಲ ಅನ್ನಿಸಿತು.

ಎರಡನೇ ದಿನ ಬೇಕೆಂದೇ ತಡಮಾಡಿದೆ. ಹೊಸ ಆಫೀಸಿನಲ್ಲಿ ಯಾವತ್ತೋ ಒಂದು ದಿನ ಏಳರವರೆಗೆ ಕೂರಬೇಕಾಗಿ ಬರದೇ ಇರುತ್ತದೆಯೇ? ಸ್ಟ್ಯಾಂಡಿಗೆ ಬಂದದ್ದು 7:15ಕ್ಕೆ. ಕುಮಟೆಗೆ ನೇರ ಬಸ್ಸು ಬರುತ್ತದೆ, ಬರುತ್ತದೆ ಎಂದು ಮುಕ್ಕಾಲು ಗಂಟೆ ನಿಂತು, ಕೊನೆಗೆ ಅಂಕೋಲೆವರೆಗಿನ ಬಸ್ಸು ಹತ್ತಿ ಅಲ್ಲಿ ಇಳಿದು ಮತ್ತೆ ಕಾದು, ಮನೆ ಮುಟ್ಟಿದಾಗ ಹತ್ತಕ್ಕೆ ಐದು ನಿಮಿಷ. ಮಗಳು ಸೋಫಾದ ಮೇಲೆ ಹೋಮ್‌ವರ್ಕ್ ಪುಸ್ತಕ ಮುಖದ ಮೇಲೆ ಹಾಕಿಕೊಂಡು ಮಲಗಿದ್ದಳು. ದೂರ ಎರಡು ದಿನವೂ ಒಂದೇ. ಹೊರಟದ್ದು ಒಂದೂವರೆ ತಾಸು ತಡ. ಆ ದಿನವೇ ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ: ‘ಕಿ.ಮೀ. ಅಲ್ಲ, ಬಿಡುವ ಹೊತ್ತು.’

ಮೂರನೇ ದಿನ ರೈಲು. ಬೆಂಗಳೂರಿನಿಂದ ರಾತ್ರಿಯಿಡೀ ಓಡಿ ಬರುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಿಗ್ಗೆ ಏಳರ ಆಸುಪಾಸು ಕುಮಟೆಯಲ್ಲಿ, ಎಂಟೂವರೆ ಹೊತ್ತಿಗೆ ಕಾರವಾರದಲ್ಲಿ. ಅದೇ ಗಾಡಿ ಸಂಜೆ ಆರಕ್ಕೆ ಕಾರವಾರದಿಂದ ಹೊರಡುತ್ತದೆ. ಆಫೀಸಿನವರಿಗೆಂದೇ ಬಿಟ್ಟ ಹಾಗಿದೆ. ಜನರಲ್ ಬೋಗಿಯಲ್ಲಿ ದಿನಾ ಹೋಗುವ ಗುಂಪೇ ಇದೆ: ಇಬ್ಬರು ಟೀಚರು, ಬ್ಯಾಂಕಿನವರೊಬ್ಬರು, ಡಿಸಿ ಆಫೀಸಿನ ನಾಲ್ಕೈದು ಮಂದಿ. ಹೆಗಲಿಗೆ ದೊಡ್ಡ ಬ್ಯಾಗ್ ಹಾಕಿದ ಬೆಂಗಳೂರು ಹುಡುಗರು ಗೋಕರ್ಣ ರೋಡಿನಲ್ಲಿ ಇಳಿದರೆ ಸೀಟೂ ಸಿಗುತ್ತದೆ. ಹಾರವಾಡ ದಾಟಿ ಸುರಂಗದೊಳಗೆ ಹೋದಾಗ ಎಲ್ಲರ ಫೋನೂ ಸತ್ತು ಮಾತು ಶುರುವಾಗುತ್ತದೆ.

ನಾನು ಕೇಳಬೇಕಾದದ್ದೆಲ್ಲ ಅಲ್ಲೇ ಕೇಳಿದೆ. ಟೀಚರು ಒಬ್ಬರು ನನ್ನ ಮಾರ್ಚ್ ಬಿಸಿಲಿನ ಪರೀಕ್ಷೆಗೆ ನಕ್ಕುಬಿಟ್ಟರು. “ಮಾರಾಯ್ತಿ, ನೀ ಬಂದದ್ದು ಬೇಸಿಗೆಲಿ. ಜೂನ್‌ನಿಂದ ಅಕ್ಟೋಬರ್ ತನಕ ಕೊಂಕಣ ರೈಲ್ವೆಗೆ ಬೇರೇ ಟೈಮ್‌ಟೇಬಲ್. ಗಾಡಿ ಮೆಲ್ಲ ಓಡಿಸ್ತಾರೆ. ಇಲ್ಲಿ ಇರೂದು ಒಂದೇ ಹಳಿ, ಎದುರು ಗಾಡಿ ಬಂದ್ರೆ ಕ್ರಾಸಿಂಗಿಗೆ ನಿಲ್ಲಬೇಕು, ಒಂದು ತಡ ಆದ್ರೆ ಎಲ್ಲಾ ತಡ.” ಇನ್ನೊಬ್ಬರು ಹೇಳಿದ್ದು ಇನ್ನೂ ಉಪಯೋಗದ್ದು. ಕಾರವಾರ ಸ್ಟೇಷನ್ ಇರುವುದು ಊರೊಳಗಲ್ಲ, ಶಿರವಾಡದಲ್ಲಿ. ಐದೂವರೆಗೆ ಆಫೀಸು ಬಿಟ್ಟು ಟೆಂಪೋಕ್ಕೆ ಕಾದರೆ ಆರರ ಗಾಡಿಯ ಬಾಲ ನೋಡಬೇಕಷ್ಟೇ. ಐದೂಕಾಲಿಗೆ ಹೊರಬಿದ್ದಿರಬೇಕು.

ಈಗ ಲೆಕ್ಕ. ಲೆಕ್ಕದವಳಲ್ಲವೇ, ಹಾಕದೆ ನಿದ್ದೆ ಬರುವುದಿಲ್ಲ. ರೈಲಿನಲ್ಲಾದರೆ ಬೆಳಿಗ್ಗೆ 6:25ಕ್ಕೆ ಮನೆ ಬಿಟ್ಟು ಸಂಜೆ 7:25ಕ್ಕೆ ಮನೆ, ಹದಿಮೂರು ತಾಸು. ಸಂಘದಲ್ಲಿ ಎಂಟೂವರೆ. ದಿನಕ್ಕೆ ನಾಲ್ಕೂವರೆ ತಾಸು ಹೆಚ್ಚು, 24 ದಿನಕ್ಕೆ 108 ತಾಸು. ಸಂಬಳ ಹೆಚ್ಚಾಗುವುದು 8,500. ಅದರಲ್ಲಿ ರೈಲಿನ ಪಾಸು, ಶಿರವಾಡದ ಟೆಂಪೋ, ಸ್ಟೇಷನ್ನಿನಲ್ಲಿ ಸ್ಕೂಟರ್ ನಿಲ್ಲಿಸುವ ದುಡ್ಡು, ಹೊರಗೆ ಕುಡಿಯುವ ಚಾ ಎಲ್ಲ ಸೇರಿ 2,400 ಹೋದರೆ ಉಳಿಯುವುದು 6,100. ತಾಸಿಗೆ 56 ರೂಪಾಯಿ. ಯಜಮಾನರು ಹಾಳೆ ನೋಡಿ, “ಅಡಿಕೆ ಸುಲಿಯೂಕೆ ಹೋದ್ರೂ ಇದಕ್ಕಿಂತ ಹೆಚ್ಚು ಸಿಗ್ತದೆ” ಅಂದರು. ಸಿಟ್ಟು ಬಂತು, ಆದರೆ ತಪ್ಪಾಗಿ ಹೇಳಿರಲಿಲ್ಲ.

ದುಡ್ಡಿನ ಲೆಕ್ಕದಲ್ಲಿ ನೌಕರಿ ಅಲ್ಲಿಗೇ ಬಿದ್ದಿತ್ತು. ನನ್ನನ್ನು ಎಳೆದದ್ದು ಕೆಲಸ. ರಿಟರ್ನ್, ಆಡಿಟ್, ಕಂಟ್ರಾಕ್ಟರುಗಳ ಬಿಲ್ಲಿನಲ್ಲೇ ಮುರಿದುಕೊಳ್ಳುವ ತೆರಿಗೆ ಅಂದರೆ ಟಿಡಿಎಸ್ಸು, ಬೋಟಿನವರ ಬುಕ್ಕು. ಎರಡು ವರ್ಷ ಅಲ್ಲಿ ಕೂತರೆ ಕುಮಟೆಯಲ್ಲೇ ಸ್ವಂತಕ್ಕೆ ಕೆಲಸ ಹಿಡಿಯುವಷ್ಟು ಕಲಿಯಬಹುದು. ಆದರೆ ಅದೇ ಕೆಲಸದೊಳಗೆ ಒಂದು ಗಂಟೂ ಇತ್ತು. ಮಾರಾಟದ ವಿವರದ ರಿಟರ್ನ್ ಜಿಎಸ್‌ಟಿಆರ್-1 ಕೊಡಲು ಪ್ರತಿ ತಿಂಗಳ 11 ಕೊನೆ, ತೆರಿಗೆ ಕಟ್ಟುವ ರಿಟರ್ನ್ 3ಬಿಗೆ 20. ಕಂಪ್ಯೂಟರ್ ಮುಂದೆ ಕೂತವರಿಗೆ ಗೊತ್ತು, ಆ ಎರಡು ದಿನ ಪೋರ್ಟಲ್ ಆಮೆಯಾಗುತ್ತದೆ, ಪಾರ್ಟಿಗಳು ಬಿಲ್ಲನ್ನು ಸಂಜೆ ಐದಕ್ಕೇ ಕಳಿಸುತ್ತಾರೆ. ಇನ್‌ಕಮ್ ಟ್ಯಾಕ್ಸ್ ರಿಟರ್ನಿನ ಗಡಿಬಿಡಿ ಆಗ ಜುಲೈ 31ಕ್ಕೆ, ಟ್ಯಾಕ್ಸ್ ಆಡಿಟ್ ಸೆಪ್ಟೆಂಬರ್ 30ಕ್ಕೆ. ಕ್ಯಾಲೆಂಡರಿನಲ್ಲಿ ಒಂದೊಂದಕ್ಕೇ ಸುತ್ತು ಹಾಕಿ ನೋಡಿದರೆ, ತಡವಾಗಿ ಕೂರಬೇಕಾದ ದಿನಗಳಲ್ಲಿ ಎಷ್ಟೋ ಮಳೆಗಾಲದ ಹೊಟ್ಟೆಯೊಳಗೇ ಇದ್ದವು. ಎರಡನೇ ದಿನದ ಆ ಹತ್ತಕ್ಕೆ ಐದು ನಿಮಿಷ, ಮೇಲಿಂದ ಮಳೆ.

ಏಳನೇ ದಿನ ಫೋನ್ ಮಾಡಿದೆ. ಒಪ್ಪುತ್ತೇನೆ, ಎರಡು ಮಾತಿದೆ ಸರ್ ಅಂದೆ. ದಿನಾ ಐದೂಕಾಲಿಗೆ ಬಿಡಬೇಕು, ಬದಲಿಗೆ ಒಂಬತ್ತಕ್ಕೇ ಬಂದು ಕೂರುತ್ತೇನೆ. 11 ಮತ್ತು 20ರಂದು ಎಷ್ಟು ಹೊತ್ತಾದರೂ ಇರುತ್ತೇನೆ, ಕಾರವಾರದಲ್ಲೇ ಕೋಡಿಬಾಗದ ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತೇನೆ, ಮರುದಿನ ಮಾತ್ರ ಮಧ್ಯಾಹ್ನವೇ ಬಿಡಬೇಕು. ಇದನ್ನು ಆರ್ಡರ್ ಪತ್ರದಲ್ಲಿ ಬರೆದು ಕೊಡಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರೆಯೂದು ಎಂತಕ್ಕೆ? ನಂಬಿಕೆ ಇಲ್ವಾ?” ಅಂದರು.

“ನಿಮ್ಮ ಮೇಲೆ ಉಂಟು ಸರ್. ರೈಲು ಕಾಯೂದಿಲ್ಲಲ್ಲ.”

ಐದೂಕಾಲು ಪತ್ರದಲ್ಲಿ ಬಂತು. ಮರುದಿನದ ಮಧ್ಯಾಹ್ನ ಬರಲಿಲ್ಲ. ಬಾಯಿಮಾತಿನಲ್ಲಿ ಆಗಲಿ ಅಂದರು. ಆ ಬಾಯಿಮಾತು ನಾಲ್ಕು ತಿಂಗಳು ನಡೆಯಿತು, ಐದನೇ ತಿಂಗಳು ನಿಂತುಹೋಯಿತು. ಬರೆದದ್ದು ಇವತ್ತಿಗೂ ನಡೆಯುತ್ತಿದೆ. ಪಟ್ಟು ಹಿಡಿಯಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಏಪ್ರಿಲ್‌ನಲ್ಲಿ ಸೇರಿದೆ. ಆ ವರ್ಷ ರೈಲಿನ ಮಳೆಗಾಲದ ವೇಳಾಪಟ್ಟಿ ಜೂನ್ 10ಕ್ಕೆ ಶುರು. ಟೀಚರು ಹೇಳಿದ್ದು ಒಂದೂ ಸುಳ್ಳಾಗಲಿಲ್ಲ. ಜುಲೈ 16, ಮಂಗಳವಾರ, ಮಗಳಿಗೆ ಜ್ವರವೆಂದು ಮನೆಯಲ್ಲಿದ್ದೆ. ಶಿರೂರಿನಲ್ಲಿ ಗುಡ್ಡ ಜರಿದಿದೆ ಎಂದು ಯಜಮಾನರು ಫೋನ್ ಹಿಡಿದುಕೊಂಡೇ ಒಳಗೆ ಬಂದರು. ಚಾದಂಗಡಿ, ಅದರ ಮನೆಯವರು, ನಿಂತಿದ್ದ ಲಾರಿ, ಎಲ್ಲ ಮಣ್ಣಿನ ಜೊತೆ ಹೊಳೆಗೆ. ಕೇರಳದ ಒಂದು ಲಾರಿಯನ್ನು ಅದರ ಚಾಲಕನ ಶವದೊಂದಿಗೆ ಗಂಗಾವಳಿಯಿಂದ ಎತ್ತಿದ್ದು ಸೆಪ್ಟೆಂಬರ್ 25ಕ್ಕೆ. ನಾನು ಬಸ್ಸಿನ ಕಿಟಕಿಯಿಂದ ಅಲ್ಲಿ ನೋಡಿದ್ದ ಚಾದ ಕೆಟಲು ನೆನಪಾಗಿ ಆ ದಿನ ಊಟ ಸೇರಲಿಲ್ಲ. ಹೆದ್ದಾರಿ ಮುಚ್ಚಿದ್ದ ಆ ದಿನಗಳಲ್ಲಿ ಚಿಕ್ಕಮ್ಮನ ಮನೆಯಲ್ಲಿ ಒಂದು ಬ್ಯಾಗು ಖಾಯಂ ಇಟ್ಟೆ: ಎರಡು ಜೊತೆ ಬಟ್ಟೆ, ಟೂತ್ ಬ್ರಷ್ಷು, ಚಾರ್ಜರು, ಮನೆಯ ಬಾತ್‌ರೂಮ್ ಚಪ್ಪಲಿ. ಈಗಲೂ ಅಲ್ಲೇ ಇದೆ.

ಲೆಕ್ಕ ತಪ್ಪಿದ್ದೂ ಉಂಟು. ರೈಲಿನಲ್ಲಿ ಓದುತ್ತೇನೆ ಎಂದು ಇನ್‌ಕಮ್ ಟ್ಯಾಕ್ಸಿನ ದಪ್ಪ ಪುಸ್ತಕ ಕೊಂಡಿದ್ದೆ, 41ನೇ ಪುಟದಲ್ಲಿ ನಿಂತಿದೆ. ಬೆಳಿಗ್ಗೆ ಮಿರ್ಜಾನ ಬರುವಷ್ಟರಲ್ಲೇ ನಿದ್ದೆ. ಇನ್ನೊಂದು, ಲೆಕ್ಕದಲ್ಲೇ ಇರದಿದ್ದ ಲಾಭ. ಆಫೀಸು ತೆಗೆಯುವ ಮೊದಲು ಸಿಗುವ ಕಾಲು ಗಂಟೆ ಟಾಗೋರ್ ಕಡಲತೀರದಲ್ಲಿ ಕೂರುತ್ತೇನೆ, ಅಲ್ಲಿ ಮ್ಯೂಸಿಯಂ ಮಾಡಿ ನಿಲ್ಲಿಸಿದ ಚಪಲ್ ಯುದ್ಧನೌಕೆಯ ಪಕ್ಕದ ಕಟ್ಟೆಯ ಮೇಲೆ, ಡಬ್ಬಿಯ ಅವಲಕ್ಕಿ ತಿನ್ನುತ್ತ. ಮದುವೆಯಾದ ಮೇಲೆ ದಿನಕ್ಕೆ ಕಾಲು ಗಂಟೆ ಯಾರೂ ಕರೆಯದ ಹೊತ್ತು ನನಗೆ ಸಿಕ್ಕಿದ್ದು ಇದೇ ಮೊದಲು.

ಹೋದದ್ದು ಮಧ್ಯಾಹ್ನದ ಬಿಸಿ ಅನ್ನ. ಹಾಳೆಯಲ್ಲಿ ಅದಕ್ಕೊಂದು ಸಾಲು ಹಾಕಿರಲಿಲ್ಲ. ಆಫೀಸಿನಲ್ಲಿ ಡಬ್ಬಿ ತೆಗೆದಾಗ ಅನ್ನ ಕಲ್ಲಾಗಿರುತ್ತದೆ, ಸಾರಿನ ಮೇಲೆ ಎಣ್ಣೆ ಕಟ್ಟಿರುತ್ತದೆ. ಭಾನುವಾರ ಮಾತ್ರ ಒಂದಕ್ಕೆ ಹತ್ತು ನಿಮಿಷ ಇರುವಾಗಲೇ ಬಟ್ಟಲು ಇಟ್ಟುಕೊಂಡು ಕೂರುತ್ತೇನೆ. “ಇನ್ನೂ ಬಸಿಯಲೇ ಇಲ್ಲವೇ, ತಡಿ” ಎಂದು ಅತ್ತೆ ಒಳಗಿನಿಂದ ಬಯ್ಯುತ್ತಾರೆ.