ಕ್ರ್ಯಾಶ್ ಆದ ಮೇಲೆ ಸರ್ವರ್ ನಿಧಾನವಾದರೆ: ಫ್ರೀಬಿಎಸ್‌ಡಿಯ ಹಿನ್ನೆಲೆ ಎಫ್‌ಎಸ್‌ಸಿಕೆಯನ್ನು ನಿಭಾಯಿಸುವ ಬಗೆ

ವಿದ್ಯುತ್ ಕಡಿತದಿಂದಲೋ ಕರ್ನಲ್ ಪ್ಯಾನಿಕ್‌ನಿಂದಲೋ (ಆಪರೇಟಿಂಗ್ ಸಿಸ್ಟಮಿನ ತಿರುಳೇ ಸರಿಪಡಿಸಲಾಗದ ದೋಷಕ್ಕೆ ಸಿಲುಕುವುದು) ಏಕಾಏಕಿ ನಿಂತುಹೋದ, ಯುನಿಕ್ಸ್ ಮಾದರಿಯ ಆಪರೇಟಿಂಗ್ ಸಿಸ್ಟಮ್ ಆದ ಫ್ರೀಬಿಎಸ್‌ಡಿಯ ಸರ್ವರ್ ಮತ್ತೆ ಬೂಟ್ ಆಗಿ, ಸೇವೆಗಳೆಲ್ಲ ಆರಂಭವಾದ ಒಂದೆರಡು ನಿಮಿಷಗಳಲ್ಲೇ ತಡವರಿಸತೊಡಗಿದರೆ, ಡೇಟಾಬೇಸಿನ ಸೆಟ್ಟಿಂಗುಗಳಿಗೆ ಕೈ ಹಾಕುವ ಮುನ್ನ ಡಿಸ್ಕನ್ನು ಗಮನಿಸಬೇಕು. ಜರ್ನಲ್ (ಬದಲಾವಣೆಗಳ ದಾಖಲೆ) ಇಲ್ಲದೆ ಕೇವಲ ಸಾಫ್ಟ್ ಅಪ್‌ಡೇಟ್ಸ್ ಎಂಬ ವಿಧಾನದ ಮೇಲೆ ನಡೆಯುವ ಯುಎಫ್‌ಎಸ್ ಫೈಲ್ ಸಿಸ್ಟಮಿನಲ್ಲಿ, ಎಫ್‌ಎಸ್‌ಸಿಕೆ ಎಂಬ ಫೈಲ್ ಸಿಸ್ಟಮ್ ತಪಾಸಣಾ ಸಾಧನದ ಹಿನ್ನೆಲೆ ತಪಾಸಣೆ ಚಾಲ್ತಿಯಲ್ಲಿದ್ದರೆ, ಅದು ಬೂಟ್ ಮುಗಿದು ಸುಮಾರು 60 ಸೆಕೆಂಡುಗಳ ಬಳಿಕ ಶುರುವಾಗುತ್ತದೆ.

ಡಿಸ್ಕಿಗೆ ಮೆಟಾಡೇಟಾ (ಫೈಲುಗಳ ಕುರಿತ ಮಾಹಿತಿ) ಬರೆಯುವ ಕ್ರಮವನ್ನು ಸಾಫ್ಟ್ ಅಪ್‌ಡೇಟ್ಸ್ ಕಟ್ಟುನಿಟ್ಟಾಗಿ ಕಾಯುವುದರಿಂದ, ಕ್ರ್ಯಾಶ್ ನಂತರ ಉಳಿಯುವ ದೋಷವೆಂದರೆ ಬಳಕೆಯಲ್ಲಿಲ್ಲದಿದ್ದರೂ ಬಳಕೆಯಲ್ಲಿವೆಯೆಂದು ದಾಖಲಾದ ಬ್ಲಾಕುಗಳು ಮತ್ತು ಐನೋಡ್‌ಗಳು (ಪ್ರತಿ ಫೈಲಿನ ವಿವರವಿರುವ ದಾಖಲೆಗಳು) ಮಾತ್ರ. ಆದ್ದರಿಂದಲೇ ಫೈಲ್ ಸಿಸ್ಟಮನ್ನು ತಕ್ಷಣ ಬಳಕೆಗೆ ಬಿಟ್ಟು, ಕಳೆದುಹೋದ ಜಾಗವನ್ನು ಆಮೇಲೆ ಹಿಂಪಡೆಯಲು ಸಾಧ್ಯವಾಗುತ್ತದೆ. ಈ ಕೆಲಸಕ್ಕಾಗಿ ಎಫ್‌ಎಸ್‌ಸಿಕೆ ಮೊದಲು ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಫೈಲ್ ಸಿಸ್ಟಮಿನ ಸ್ಥಿರ ಚಿತ್ರ) ತೆಗೆಯುತ್ತದೆ. ಆ ಪ್ರಕ್ರಿಯೆಯ ಒಂದು ಹಂತದಲ್ಲಿ ಫೈಲ್ ಸಿಸ್ಟಮಿಗೆ ಬರೆಯುವುದು ಪೂರ್ತಿ ಸ್ಥಗಿತಗೊಳ್ಳುತ್ತದೆ. ದೊಡ್ಡ ಪಾರ್ಟಿಷನ್‌ಗಳಲ್ಲಿ ಬಳಕೆದಾರರಿಗೆ ಹೆಚ್ಚು ಬಾಧಿಸುವುದು ಇದೇ.

ಖಚಿತಪಡಿಸಿಕೊಳ್ಳಲು ಪ್ರೊಸೆಸ್‌ಗಳ ಪಟ್ಟಿ ತೋರಿಸುವ ಟಾಪ್ ತೆರೆದು ಸ್ಥಿತಿಯ ಕಾಲಮ್ ನೋಡಿ: ಹಲವು ಪ್ರೊಸೆಸ್‌ಗಳು ‘ಸಸ್ಪ್‌ಎಫ್‌ಎಸ್’ ಎಂದು ತೋರಿಸುತ್ತಾ ಕದಲದೆ ನಿಂತಿದ್ದರೆ, ಅವು ಸ್ನ್ಯಾಪ್‌ಶಾಟ್ ಮುಗಿಯಲೆಂದು ಕಾಯುತ್ತಿವೆ. ಡಿಸ್ಕಿನ ಚಟುವಟಿಕೆ ತೋರಿಸುವ ಜಿಸ್ಟ್ಯಾಟ್‌ನಲ್ಲಿ ಡಿಸ್ಕಿನ ಬಳಕೆ ಶೇ. 100ರ ಆಸುಪಾಸಿನಲ್ಲಿರುತ್ತದೆ, ಸಿಪಿಯು ಮಾತ್ರ ಬಹುಪಾಲು ಖಾಲಿ ಕುಳಿತಿರುತ್ತದೆ. ಒಂದೇ ದತ್ತಾಂಶವನ್ನು ಎರಡು ಅಥವಾ ಹೆಚ್ಚು ಡಿಸ್ಕುಗಳಲ್ಲಿಡುವ ಜಿಮಿರರ್ ಬಳಸುತ್ತಿದ್ದರೆ ಅದರ ಸ್ಥಿತಿಯನ್ನೂ ನೋಡಿ. ಕ್ರ್ಯಾಶ್ ನಂತರ ಕನ್ನಡಿ ಡಿಸ್ಕುಗಳ ಸಿಂಕ್ ಕೂಡ ಅದೇ ಹೊತ್ತಿಗೆ ನಡೆಯುತ್ತಿದ್ದರೆ ಎರಡೂ ಸೇರಿ ಡಿಸ್ಕನ್ನು ಹೈರಾಣಾಗಿಸುತ್ತವೆ.

ಹಗಲಿನ ದಟ್ಟಣೆಯಲ್ಲಿ ಇದು ಬೇಡವೆಂದರೆ, ಸಿಸ್ಟಮಿನ ಸೆಟ್ಟಿಂಗುಗಳಿರುವ ಆರ್‌ಸಿ ಡಾಟ್ ಕಾನ್ಫ್ ಫೈಲಿನಲ್ಲಿ ‘ಬ್ಯಾಕ್‌ಗ್ರೌಂಡ್_ಎಫ್‌ಎಸ್‌ಸಿಕೆ_ಡಿಲೇ’ ಮೌಲ್ಯವನ್ನು ಋಣ ಸಂಖ್ಯೆಯಾಗಿಸಿ. ಆಗ ತಪಾಸಣೆ ತಾನಾಗಿ ಆರಂಭವಾಗುವುದಿಲ್ಲ. ‘ಬಿಜಿಎಫ್‌ಎಸ್‌ಸಿಕೆ’ ಸ್ಕ್ರಿಪ್ಟನ್ನು ‘ಫೋರ್ಸ್‌ಸ್ಟಾರ್ಟ್’ ಆದೇಶದೊಂದಿಗೆ, ನಿಗದಿತ ವೇಳೆಗೆ ಕೆಲಸ ಓಡಿಸುವ ಕ್ರಾನ್ ಮೂಲಕ ಬೆಳಗಿನ ಜಾವ 4ಕ್ಕೆ ಓಡಿಸಬಹುದು. ಆದರೆ ಡಿಸ್ಕಿನಲ್ಲೇ ಓದುವ ದೋಷಗಳಿದ್ದರೆ ಹಿನ್ನೆಲೆ ತಪಾಸಣೆಯನ್ನು ನೆಚ್ಚಬೇಡಿ. ಮೇಲೆ ಹೇಳಿದ ಭರವಸೆಯೆಲ್ಲ ಹಾರ್ಡ್‌ವೇರ್ ಸರಿಯಾಗಿದ್ದಾಗ ಮಾತ್ರ ಅನ್ವಯಿಸುತ್ತದೆ. ಅಂಥ ಸಂದರ್ಭದಲ್ಲಿ ‘ಬ್ಯಾಕ್‌ಗ್ರೌಂಡ್_ಎಫ್‌ಎಸ್‌ಸಿಕೆ’ಯನ್ನು ‘ನೋ’ ಮಾಡಿ, ಸೇವೆ ತಡವಾದರೂ ಸರಿಯೇ, ಬೂಟ್ ಆಗುವಾಗಲೇ ಪೂರ್ಣ ತಪಾಸಣೆ ನಡೆಯಲು ಬಿಡುವುದೇ ಸರಿ. ದತ್ತಾಂಶ ಕೆಟ್ಟಮೇಲೆ ಉಳಿಸಿಕೊಂಡ ಸಮಯದಿಂದ ಪ್ರಯೋಜನವಿಲ್ಲ.

ಶಾಶ್ವತ ಪರಿಹಾರವೆಂದರೆ 2012ರ ಜನವರಿಯಲ್ಲಿ ಬಿಡುಗಡೆಯಾದ ಫ್ರೀಬಿಎಸ್‌ಡಿ 9.0ರಿಂದ ಲಭ್ಯವಿರುವ ಜರ್ನಲ್ ಸಹಿತ ಸಾಫ್ಟ್ ಅಪ್‌ಡೇಟ್ಸ್. ಸಿಂಗಲ್ ಯೂಸರ್ ಮೋಡ್‌ಗೆ (ಸೇವೆಗಳಿಲ್ಲದ ನಿರ್ವಹಣಾ ಸ್ಥಿತಿ) ಹೋಗಿ, ಪಾರ್ಟಿಷನ್ ಅನ್‌ಮೌಂಟ್ ಆಗಿದೆ ಅಥವಾ ಓದಲು ಮಾತ್ರ ತೆರೆದಿದೆ ಎಂದು ಖಾತ್ರಿಪಡಿಸಿಕೊಂಡು, ಒಮ್ಮೆ ಪೂರ್ಣ ಎಫ್‌ಎಸ್‌ಸಿಕೆ ಮುಗಿಸಿ, ನಂತರ ಫೈಲ್ ಸಿಸ್ಟಮಿನ ಸೆಟ್ಟಿಂಗು ಬದಲಿಸುವ ಟ್ಯೂನ್‌ಎಫ್‌ಎಸ್‌ನ ‘ಜೆ’ ಆಯ್ಕೆಯಿಂದ ಜರ್ನಲನ್ನು ಸಕ್ರಿಯಗೊಳಿಸಿ. ಅಲ್ಲಿಂದಾಚೆಗೆ ಕ್ರ್ಯಾಶ್ ಆದಾಗ ಜರ್ನಲ್ ಓದಿ ಸರಿಪಡಿಸುವ ಕೆಲಸ ಬಹುತೇಕ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಚಾಲ್ತಿಯಲ್ಲಿರುವ ಫೈಲ್ ಸಿಸ್ಟಮಿನ ಬ್ಯಾಕಪ್‌ಗೆ ಸ್ನ್ಯಾಪ್‌ಶಾಟ್ ಅವಲಂಬಿಸಿರುವವರು ಮಾತ್ರ ತಮ್ಮ ಆವೃತ್ತಿ 13.2 ಅಥವಾ ಅದಕ್ಕಿಂತ ಹೊಸದೇ ಎಂದು ಮೊದಲು ನೋಡಿಕೊಳ್ಳಬೇಕು. ಅದಕ್ಕೂ ಹಿಂದಿನವುಗಳಲ್ಲಿ ಜರ್ನಲ್ ಇರುವ ಯುಎಫ್‌ಎಸ್ ಮೇಲೆ ಸ್ನ್ಯಾಪ್‌ಶಾಟ್ ತೆಗೆಯಲಾಗುವುದಿಲ್ಲ.