ತೊಡೆಗೆ ಉಪ್ಪಿನ ಶಾಖ

ಕುಮಾರ ಪರ್ವತ ಹತ್ತಿ ಇಳಿದ ಮಾರನೇ ದಿನ ನನಗೆ ಅಂಥ ನೋವೇನೂ ಇರಲಿಲ್ಲ. ಸುಮ್ನೆ ಎಲ್ಲರೂ ಹೆದರಿಸಿದರು ಅಂದುಕೊಂಡು ಬೀಗುತ್ತಾ ಕೆಲಸಕ್ಕೂ ಹೋಗಿಬಂದೆ. ಅದರ ಮರುದಿನ ಬೆಳಗ್ಗೆ ಮಂಚದಿಂದ ಕಾಲು ಕೆಳಗಿಟ್ಟೆ ನೋಡಿ, ಹಾಗೇ ಕೂತುಬಿಟ್ಟೆ. ತೊಡೆಯ ಮುಂಭಾಗ ಹಲಗೆಯಂತೆ ಸೆಟೆದಿತ್ತು. ನಮ್ಮ ಮನೆಯಲ್ಲಿರುವುದು ಕುಕ್ಕರುಗಾಲಲ್ಲಿ ಕೂರುವ ಕಕ್ಕಸು. ಆವತ್ತು ಬಾಗಿಲ ಚಿಲಕ ಹಿಡಿದುಕೊಂಡು ಹೇಗೆ ಕೂತೆ, ಹೇಗೆ ಎದ್ದೆ ಅನ್ನೋದನ್ನು ಬಿಡಿ.

ಪರ್ವತದ ಎತ್ತರ 1712 ಮೀಟರ್. ಕುಕ್ಕೆಯಿಂದ ಹತ್ತುವಾಗ ಉಸಿರು ಹೋಗುತ್ತದೆ, ಆದರೆ ತೊಡೆಯ ಕಥೆ ಮುಗಿಸುವುದು ಇಳಿಜಾರು. ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆಯೇ ಬ್ರೇಕು. ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಆಗ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳುಗಳಾಗುತ್ತವೆ. ಅದರ ನೋವು ನಿಧಾನಕ್ಕೆ ಏರಿ, ಸಾಮಾನ್ಯವಾಗಿ ಎರಡು ಮೂರನೇ ದಿನ ಜಾಸ್ತಿಯಾಗುತ್ತದೆ. ದಣಿದಾಗ ಸ್ನಾಯುವಿನಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ ಅಂತ ಜಿಮ್ಮಿಗೆ ಹೋಗುವ ಗೆಳೆಯ ಹೇಳಿದ. ಅದು ಗಂಟೆ ಎರಡು ಗಂಟೆಯೊಳಗೆ ಇಳಿದುಹೋಗಿರುತ್ತದೆ, ಎರಡು ದಿನ ಕಾದು ಕೂರುವುದಿಲ್ಲ.

ನಾನು ಮೊದಲು ಮಾಡಿದ್ದು ಪೆದ್ದು ಕೆಲಸ. ತೊಡೆಗೆ ಚೆನ್ನಾಗಿ ಮುಲಾಮು ತಿಕ್ಕಿ, ಅದರ ಮೇಲೆ ಬಿಸಿನೀರಿನ ರಬ್ಬರ್ ಚೀಲ ಇಟ್ಟುಕೊಂಡು ಮಲಗಿದೆ. ಚೀಲಕ್ಕೆ ಕುದಿಯುವ ನೀರನ್ನೇ ಹೊಯ್ದಿದ್ದೆ. ಹಾಯೆನಿಸಿ ನಿದ್ದೆಯೂ ಬಂತು. ಎದ್ದು ನೋಡಿದರೆ ಅಂಗೈಯಗಲ ಚರ್ಮ ಕೆಂಪಗೆ ಸುಟ್ಟಿತ್ತು, ಎರಡು ಬೊಬ್ಬೆ ಬೇರೆ. ಮುಲಾಮು ಹಚ್ಚಿದ ಜಾಗಕ್ಕೆ ಶಾಖ ಕೊಡಬಾರದು. ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಬರೆದೂ ಇತ್ತು. ಓದುವವರು ಯಾರು!

ಸಂಜೆ ಅಮ್ಮನಿಗೆ ಫೋನ್ ಮಾಡಿದೆ. ಒಂದಷ್ಟು ಬೈದು, ಆಮೇಲೆ "ಉಪ್ಪಿನ ಗಂಟು ಕಟ್ಟಿಕೋ" ಅಂದಳು. ಸುಟ್ಟ ಜಾಗ ಬಿಟ್ಟು ಉಳಿದ ಕಡೆಗೆಲ್ಲ ಹಾಗೇ ಮಾಡಿದೆ.

ಎರಡು ಹಿಡಿ ಕಲ್ಲುಪ್ಪನ್ನು ಕಬ್ಬಿಣದ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಹುರಿಯಬೇಕು. ಉಪ್ಪು ಚಟಪಟ ಅನ್ನಲು ಶುರುವಾಗುತ್ತದೆ, ಒಂದೆರಡು ಹರಳು ಸಿಡಿಯುತ್ತವೆ, ಮುಖ ದೂರ ಇಟ್ಟುಕೊಳ್ಳಿ. ಸದ್ದು ಜೋರಾದಾಗ ಒಲೆ ಆರಿಸಿ, ಹಳೇ ಪಂಚೆಯ ತುಂಡಿಗೆ ಸುರಿದು ಗಂಟು ಕಟ್ಟಿದೆ. ಹತ್ತಿ ಬಟ್ಟೆಯೇ ಆಗಬೇಕು, ಪಾಲಿಯೆಸ್ಟರ್ ಕರಗಿ ಅಂಟುತ್ತದೆ. ತಕ್ಷಣ ಮೈಗೆ ಇಡುವ ಹಾಗೂ ಇಲ್ಲ. ಮುಂಗೈಯ ಒಳಭಾಗಕ್ಕೆ ಮುಟ್ಟಿಸಿ ನೋಡುತ್ತಿದ್ದೆ. ಕೈ ಹಿಂದಕ್ಕೆಳೆದುಕೊಂಡರೆ ಇನ್ನೂ ಬಿಸಿ ಜಾಸ್ತಿ ಅಂತ ಅರ್ಥ. ಮೊದಮೊದಲು ಒಂದೇ ಕಡೆ ನಿಲ್ಲಿಸದೆ ಒತ್ತಿ ಒತ್ತಿ ಎತ್ತುವುದು, ಕಾವು ಇಳಿದ ಮೇಲೆ ಹಾಗೇ ಇಟ್ಟುಕೊಳ್ಳುವುದು. ಒಂದು ಕಾಲಿಗೆ ಹದಿನೈದು ನಿಮಿಷ, ದಿನಕ್ಕೆ ಎರಡು ಮೂರು ಸಲ. ನಿದ್ದೆ ಬಂದರೆ ಗಂಟು ಪಕ್ಕಕ್ಕಿಡುವುದು, ಈ ಪಾಠ ಕಲಿತಾಗಿತ್ತು.

ರಾತ್ರಿ ಸ್ನಾನದ ನೀರಿಗೆ ಲಕ್ಕಿ ಸೊಪ್ಪು ಹಾಕಿ ಕುದಿಸಿದೆ. ನಮ್ಮೂರಲ್ಲಿ ಬಾಣಂತಿಯರಿಗೂ ಇದೇ ನೀರು. ಸೊಪ್ಪಿನ ಗುಣ ಎಷ್ಟೋ, ಬಿಸಿನೀರಿನ ಗುಣ ಎಷ್ಟೋ, ಆ ವಾಸನೆಗೇ ಅರ್ಧ ನೋವು ಹೋಯಿತು ಅನಿಸಿತು.

ಶಾಖದಿಂದ ಹರಿದ ಎಳೆಗಳು ಬೇಗ ಕೂಡಿಕೊಂಡವು ಅಂತ ನಾನು ಹೇಳುವುದಿಲ್ಲ. ರಕ್ತ ಓಡಾಡುತ್ತದೆ, ಬಿಗಿ ಸಡಿಲುತ್ತದೆ, ಒಂದಷ್ಟು ಹೊತ್ತು ನೋವು ತಗ್ಗುತ್ತದೆ. ಆ ಹೊತ್ತಿನಲ್ಲೇ ನಾನು ಎದ್ದು ಅಂಗಳದಲ್ಲಿ ಹತ್ತು ನಿಮಿಷ ನಡೆಯುತ್ತಿದ್ದೆ. ಮಲಗಿಯೇ ಇದ್ದ ದಿನಕ್ಕಿಂತ ನಡೆದ ದಿನ ಕಾಲು ಹಗುರ ಇರುತ್ತಿತ್ತು.

ನನ್ನ ಜೊತೆ ಬಂದಿದ್ದವನೊಬ್ಬ ಗಿರಿಗದ್ದೆಯ ಹತ್ತಿರ ಕಾಲು ಉಳುಕಿಸಿಕೊಂಡಿದ್ದ. ಅವನೂ ಉಪ್ಪಿನ ಗಂಟು ಕಟ್ಟಲು ಹೊರಟಿದ್ದ, ಬೇಡ ಅಂದೆ. ಹೊಸದಾಗಿ ಉಳುಕಿ ಊದಿಕೊಂಡ ಜಾಗಕ್ಕೆ ಮೊದಲೆರಡು ದಿನ ಐಸೇ ಸರಿ, ಶಾಖ ಕೊಟ್ಟರೆ ಊತ ಇನ್ನೂ ಏರಬಹುದು. ಅಪ್ಪನಿಗೆ ಸಕ್ಕರೆ ಕಾಯಿಲೆ, ಪಾದಕ್ಕೆ ಸ್ಪರ್ಶವೇ ಕಡಿಮೆ. ಅವರ ಕಾಲಿನ ಹತ್ತಿರ ಈ ಗಂಟನ್ನು ತರುವುದೇ ಇಲ್ಲ, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಇನ್ನು, ತೀರಾ ದಣಿದ ಮೇಲೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಓಡಬೇಕು.

ಐದನೇ ದಿನ ಚಿಲಕ ಹಿಡಿಯದೆ ಕೂತೆದ್ದೆ. ಬೊಬ್ಬೆಯ ಕಲೆ ಮಾತ್ರ ಎರಡು ತಿಂಗಳು ಇತ್ತು. ಆ ಉಪ್ಪನ್ನು ಚೆಲ್ಲಿಲ್ಲ, ಅದನ್ನೇ ಮತ್ತೆ ಮತ್ತೆ ಬಿಸಿ ಮಾಡಬಹುದು. ಹಳೇ ಉಪ್ಪಿನಕಾಯಿ ಭರಣಿಗೆ ತುಂಬಿಸಿ, 'ಕಾಲಿನ ಉಪ್ಪು' ಅಂತ ಚೀಟಿ ಅಂಟಿಸಿದ್ದೇನೆ. ಇಲ್ಲದಿದ್ದರೆ ಯಾರಾದರೂ ಸಾರಿಗೆ ಹಾಕಿಬಿಡುತ್ತಾರೆ.